ಶೀಲ್ಡಿಂಗ್ ಟೇಪ್ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಮನೆಯಲ್ಲೇ ಸರ್ಕ್ಯೂಟ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊರಗಿನ ವಿದ್ಯುತ್ ಗದ್ದಲ ಒಳಗೆ ಬರದಂತೆ ಡಬ್ಬಿಗೆ ಅಂಟಿಸುವ ಟೇಪನ್ನು ‘ತಾಮ್ರದ ಶೀಲ್ಡಿಂಗ್ ಟೇಪ್, ಅಂಟಿನಲ್ಲೂ ಕರೆಂಟ್ ಹರಿಯುತ್ತದೆ’ ಅಂತ ಹೇಳಿ ಆನ್‌ಲೈನಿನಲ್ಲಿ ಮಾರುತ್ತಾರೆ. ನನಗೆ ಬಂದ ಟೇಪಿನ ಮಟ್ಟಿಗೆ ಆ ಮಾತು ಶುದ್ಧ ಸುಳ್ಳು.

ಮಗಳ ವೀಣೆಗೆ ಹಾಕಿದ, ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಪೀಜೋ ಪಿಕಪ್‌ಗೆ ಒಂದು ಪುಟ್ಟ ಪ್ರೀಆಂಪ್ (ಸಣ್ಣ ಸಿಗ್ನಲನ್ನು ಹೆಚ್ಚಿಸುವ ಸರ್ಕ್ಯೂಟ್) ಮಾಡಿದ್ದೆ. 9 ವೋಲ್ಟ್ ಬ್ಯಾಟರಿ, ಎಬಿಎಸ್ ಪ್ಲಾಸ್ಟಿಕ್ಕಿನ ಡಬ್ಬಿ. ಪೀಜೋ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಬಹಳ ಜಾಸ್ತಿ. ಹಾಗಾಗಿ ಗೋಡೆಯ ವೈರಿಂಗ್‌ನಿಂದ ಬರುವ 50 ಹರ್ಟ್ಸ್ ಗುಂಯ್ ಸದ್ದು ಸುಲಭವಾಗಿ ಒಳಗೆ ನುಗ್ಗುತ್ತದೆ. ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ. ಒಳಗೆಲ್ಲಾ ತಾಮ್ರ ಅಂಟಿಸಿ ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಿದರೆ ಸದ್ದು ಅಡಗಬೇಕು.

ಅಡಗಲಿಲ್ಲ. ಮುಚ್ಚಳದ ಹತ್ತಿರ ಕೈ ತಂದರೆ ಇನ್ನೂ ಜೋರಾಗುತ್ತಿತ್ತು. ಕರೆಂಟ್ ಹರಿಯುವ ದಾರಿ ಇದ್ದರೆ ಬೀಪ್ ಅನ್ನುವಂತೆ ಮಲ್ಟಿಮೀಟರ್ ಇಟ್ಟು ನೋಡಿದೆ. ಒಂದೇ ಪಟ್ಟಿಯ ಮೇಲೆ ಎರಡೂ ಪ್ರೋಬ್ ಇಟ್ಟರೆ ಬೀಪ್. ಒಂದು ಪ್ರೋಬನ್ನು ಪಕ್ಕದ ಪಟ್ಟಿಗೆ ಸರಿಸಿದರೆ ಸದ್ದೇ ಇಲ್ಲ. ಎರಡು ಪಟ್ಟಿ ಒಂದರ ಮೇಲೊಂದು ಕೂತಿವೆ, ಉಗುರಿನಿಂದ ಚೆನ್ನಾಗಿ ಒತ್ತಿದ್ದೂ ಆಗಿದೆ. ಆದರೂ ನಡುವಿನ ಅಂಟು ಕರೆಂಟ್ ಬಿಡುತ್ತಿಲ್ಲ. ಗ್ರೌಂಡ್ ವೈರ್ ಇದ್ದ ಪಟ್ಟಿ ಮಾತ್ರ ಕೆಲಸ ಮಾಡುತ್ತಿತ್ತು, ಉಳಿದವು ಯಾವುದಕ್ಕೂ ಸೇರದೆ ಸುಮ್ನೆ ಅಂಟಿಕೊಂಡಿದ್ದವು.

ಮಾರಿದವರಿಗೆ ಬರೆದೆ. ಒಂದೇ ಪಟ್ಟಿಯ ಮೇಲೆ ಎರಡೂ ಪ್ರೋಬ್ ಇಟ್ಟು, ಬೀಪ್ ಕೇಳಿಸಿ, ವಿಡಿಯೋ ಕಳಿಸಿದರು. ತಾಮ್ರ ಅಲ್ವಾ, ಮೇಲ್ಭಾಗದಲ್ಲಿ ಬೀಪ್ ಬಂದೇ ಬರುತ್ತದೆ! ಸುರುಳಿ ಕತ್ತರಿಸಿದ್ದೀರಿ, ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಕೈ ತೊಳೆದುಕೊಂಡರು.

ಅದಕ್ಕೇ ಹೇಳುವುದು: ಟೇಪ್ ಬಂದ ಕೂಡಲೇ ಎರಡು ಚಿಕ್ಕ ತುಂಡು ಕತ್ತರಿಸಿ ರಟ್ಟಿನ ಮೇಲೆ ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಅಂಟಿಸಿ. ಒಂದೊಂದು ತುಂಡಿನ ಮೇಲೆ ಒಂದೊಂದು ಪ್ರೋಬ್ ಇಟ್ಟು, ಅದರ ವಿಡಿಯೋ ಇಟ್ಟುಕೊಳ್ಳಿ. ಬೀಪ್ ಬರದಿದ್ದರೆ ಅಂಟು ಕರೆಂಟ್ ಬಿಡುತ್ತಿಲ್ಲ ಅಂತಲೇ ಅರ್ಥ.

ಈಗಾಗಲೇ ಅಂಟಿಸಿದ್ದರೆ ಪ್ರತಿ ಜೋಡಣೆಗೂ ಒಂದು ಹನಿ ಸೋಲ್ಡರ್ ಹಾಕಿ. ನನ್ನ ಗುಂಯ್ ಸದ್ದು ನಿಂತಿದ್ದು ಹಾಗೆಯೇ. ಕಾವು ತಾಗಿಸಿ ಬೇಗ ತೆಗೆಯಬೇಕು, ಇಲ್ಲದಿದ್ದರೆ ಎಬಿಎಸ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ಏಸಿ ಡಕ್ಟ್‌ಗೆ ಸುತ್ತುವ ಅಲ್ಯೂಮಿನಿಯಂ ಟೇಪಿಗೆ ಈ ಉಪಾಯವೂ ನಡೆಯದು, ಮಾಮೂಲಿ ಸೋಲ್ಡರ್ ಅದಕ್ಕೆ ಹಿಡಿಯುವುದಿಲ್ಲ. ಬೆಳ್ಳಿ ಬಣ್ಣದ ಸಾಧಾರಣ ಸ್ಪ್ರೇ ಪೇಂಟ್ ಕೂಡ ಬೇಡ. ಹೊಳಪು ಇರುತ್ತದೆ, ಕರೆಂಟ್ ಹರಿಯುವುದಿಲ್ಲ. ನಿಕ್ಕಲ್ ಅಥವಾ ಗ್ರಾಫೈಟ್ ಇರುವ ಶೀಲ್ಡಿಂಗ್ ಪೇಂಟ್ ಬೇರೆಯೇ ಸಿಗುತ್ತದೆ.

ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದು ಅದರ ಕಾಂತಕ್ಷೇತ್ರದಿಂದ ಗುಂಯ್ ಬರುತ್ತಿದ್ದರೆ ತೆಳು ತಾಮ್ರಕ್ಕೆ ದುಡ್ಡು ಸುರಿಯಬೇಡಿ. ಟ್ರಾನ್ಸ್‌ಫಾರ್ಮರನ್ನು ದೂರ ಇಡಿ. ಒಳಗೆ ವೈಫೈ ಬೋರ್ಡ್ ಇದ್ದರೆ ಆಂಟೆನಾದ ಸುತ್ತ ಏನನ್ನೂ ಅಂಟಿಸಬೇಡಿ, ಸಿಗ್ನಲ್ ಸತ್ತುಹೋಗುತ್ತದೆ.

230 ವೋಲ್ಟ್ ಬರುವ ಡಬ್ಬಿಯೊಳಗಂತೂ ಈ ಟೇಪ್ ಬೇಡವೇ ಬೇಡ. ಫೇಸ್ ವೈರ್ ಕಳಚಿ ತಾಮ್ರಕ್ಕೆ ತಾಗಿದರೆ, ಅದಕ್ಕೆ ಅಂಟಿಕೊಂಡಿರುವ ಸದ್ದು ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಪಾಟ್‌ನ ಲೋಹದ ಕಡ್ಡಿಯೂ ಶಾಕ್ ಹೊಡೆಯುತ್ತದೆ. ಅರ್ಥಿಂಗ್ ಕೊಟ್ಟಿದ್ದರೂ ಫ್ಯೂಸ್ ಹೋಗುವ ಮುಂಚೆ ಆ ತೆಳು ಹಾಳೆಯೇ ಸುಟ್ಟು ಕಿತ್ತುಹೋಗಬಹುದು. ಅಂಥ ಕೆಲಸಕ್ಕೆ ಲೋಹದ ಡಬ್ಬಿಯನ್ನೇ ತನ್ನಿ. ಮೂರು ಪಿನ್ ಪ್ಲಗ್‌ನ ಅರ್ಥ್ ವೈರನ್ನು ಡಬ್ಬಿಯ ಮೈಗೆ ನಟ್ಟು ಬೋಲ್ಟ್ ಹಾಕಿ ಬಿಗಿಮಾಡಿ. ಬೋಲ್ಟ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ತೆಗೆದಿರಬೇಕು.