ಸೆಮಿನಾರ್ ಮೇಲಾ, ಕಮ್ಮಟ ಮೇಲಾ? ಗ್ರೀಕ್-ರೋಮನ್ ಓದಿಗೆ ಹೊರಟವರಿಗೆ

ಗ್ರೀಕ್, ರೋಮನ್ ಇತಿಹಾಸ ಓದಲು ಲಂಡನ್ನಿಗೆ ಹೋದವರಿಗೆ ತರಗತಿಯ ಆಚೆ ಮುಖ್ಯವಾಗಿ ಮೂರು ದಾರಿಗಳಿವೆ. ವಾರವಾರದ ಸೆಮಿನಾರ್, ಸಂಶೋಧನಾ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ನಡೆಸುವ ಸೆಮಿನಾರ್, ಮತ್ತೆ ಕೆಲವು ದಿನಗಳ ಕಮ್ಮಟ. ಅಲ್ಲಿ ಓದುತ್ತಿದ್ದಾಗ ಮೂರಕ್ಕೂ ಹೋಗಿದ್ದೇನೆ. ಒಂದಕ್ಕೆ ಮಾತ್ರ ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಕಮ್ಮಟ, ಅದರಲ್ಲೂ ಶಾಸನದ ಕಮ್ಮಟ. ಸೆಮಿನಾರ್ ಕಳಪೆ ಅಂತಲ್ಲ. ಕಮ್ಮಟ ಮುಗಿಸಿಕೊಂಡು ಹೋದವರಿಗೆ ಅದೇ ಸೆಮಿನಾರ್ ಜಾಸ್ತಿ ಕೊಡುತ್ತದೆ, ಅದಕ್ಕೆ.

ಬ್ಲೂಮ್ಸ್‌ಬರಿಯ ಸೆನೆಟ್ ಹೌಸ್‌ನಲ್ಲಿ ಲಂಡನ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಕ್ಲಾಸಿಕಲ್ ಸ್ಟಡೀಸ್ ಇದೆ. 1953ರಲ್ಲಿ ಶುರುವಾದ ಸಂಸ್ಥೆ. ಗ್ರೀಕ್ ಸಾಹಿತ್ಯಕ್ಕೊಂದು, ಲ್ಯಾಟಿನ್ ಸಾಹಿತ್ಯಕ್ಕೊಂದು, ಪ್ರಾಚೀನ ಇತಿಹಾಸಕ್ಕೊಂದು ಅಂತ ಬೇರೆ ಬೇರೆ ಸೆಮಿನಾರ್ ಸರಣಿಗಳು ಅಲ್ಲಿ ಸಂಜೆ ಹೊತ್ತು ನಡೆಯುತ್ತವೆ. ಹೊರಗಿನವರೂ ಹೋಗಿ ಕೂರಬಹುದು, ದುಡ್ಡು ಕೊಡಬೇಕಿಲ್ಲ. ಮೊದಲು ಹ್ಯಾಂಡೌಟ್ ಕೈಗೆ ಬರುತ್ತದೆ. ಅದರಲ್ಲಿ ಗ್ರೀಕ್ ಅಥವಾ ಲ್ಯಾಟಿನ್ ಸಾಲುಗಳು, ಜೊತೆಗೆ ಇಂಗ್ಲಿಷ್ ಅನುವಾದ. ಆಮೇಲೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಪ್ರಬಂಧ. ಕೊನೆಗೆ ಪ್ರಶ್ನೆಗಳು.

ಸೆಮಿನಾರಿನ ಜೀವ ಇರುವುದು ಆ ಪ್ರಶ್ನೆಗಳಲ್ಲಿ. ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್‌ನ ಒಂದು ಪದದ ಮೇಲೆ ಪ್ರಬಂಧಕಾರರು ದೊಡ್ಡ ವಾದ ಕಟ್ಟಿರುತ್ತಾರೆ. ಹಿಂದೆ ಕೂತ ಒಬ್ಬರು, ಅದೇ ಪದ ಇನ್ನೊಂದು ಕಡೆ ಬೇರೆ ಅರ್ಥದಲ್ಲಿ ಬಂದಿದೆಯಲ್ಲ ಅನ್ನುತ್ತಾರೆ. ವಾದ ಅಲ್ಲಾಡುತ್ತದೆ. ಪ್ರಬಂಧಕಾರರು ಬೇಜಾರು ಮಾಡಿಕೊಳ್ಳುವುದಿಲ್ಲ, ಗುರುತು ಹಾಕಿಕೊಳ್ಳುತ್ತಾರೆ. ವಯಸ್ಸಿನಲ್ಲಿ ಚಿಕ್ಕವರು ಹಿರಿಯರ ಮಾತಿಗೆ ನೇರವಾಗಿ ಎದುರು ಹೇಳುವುದನ್ನು ಅಲ್ಲಿ ನೋಡಿದ್ದು ನನಗೆ ತುಂಬ ಇಷ್ಟವಾಯಿತು. ಆದರೆ ವೇಗ ಜಾಸ್ತಿ. ಗ್ರೀಕ್ ತಡವಾಗಿ ಕಲಿತವರು ಹ್ಯಾಂಡೌಟಿನ ಮೂರನೇ ಸಾಲಿನಲ್ಲಿ ಇರುವಾಗ ಮಾತು ಎರಡನೇ ಪುಟಕ್ಕೆ ಹೋಗಿರುತ್ತದೆ. ಕೇಳುವವರಿಗೆ ಸಿಗುವುದು ಮುಗಿದ ವಾದ. ಅದು ಎಲ್ಲಿಂದ ಹುಟ್ಟಿತು ಅನ್ನುವುದು ಕಾಣುವುದಿಲ್ಲ.

ವಿದ್ಯಾರ್ಥಿಗಳ ಸೆಮಿನಾರ್ ಈ ವಿಷಯದಲ್ಲಿ ಹೆಚ್ಚು ಸಲೀಸು. ಇನ್ನೂ ಅರ್ಧ ಆಗಿರುವ ಕೆಲಸವನ್ನೇ ತಂದು ಇಡುತ್ತಾರೆ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಬಾಯಿಬಿಟ್ಟು ಹೇಳುತ್ತಾರೆ. ಬಾಯಿ ತೆರೆದು ಪ್ರಶ್ನೆ ಕೇಳುವ ಅಭ್ಯಾಸ ಆಗಬೇಕಾದರೆ ಇಲ್ಲಿಂದ ಶುರು ಮಾಡಿ.

ಇನ್ನು ಕಮ್ಮಟ. ಶಾಸನಗಳ ಕಮ್ಮಟದಲ್ಲಿ ಎರಡು ಬಗೆ ನೋಡಿದೆ. ಒಂದರಲ್ಲಿ ಕಾಗದ, ಇನ್ನೊಂದರಲ್ಲಿ ಕಂಪ್ಯೂಟರ್.

ಕಾಗದದ್ದರಲ್ಲಿ ಪಡಿಯಚ್ಚು ತೆಗೆಯುವುದನ್ನು ಹೇಳಿಕೊಡುತ್ತಾರೆ. ದಪ್ಪ ಕಾಗದವನ್ನು ನೆನೆಸಿ, ಕಲ್ಲಿನ ಮೇಲೆ ಹಾಸಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿಯಬೇಕು. ಒಣಗಿದ ಮೇಲೆ ಬಿಡಿಸಿದರೆ ಅಕ್ಷರಗಳು ಹಿಂಬದಿಯಲ್ಲಿ ಉಬ್ಬಿ ನಿಂತಿರುತ್ತವೆ. ನಮ್ಮಲ್ಲಿ ಇಷ್ಟಾದ ಮೇಲೆ ಕಾಗದಕ್ಕೆ ಮಸಿ ತಟ್ಟುತ್ತಾರೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಗ್ರೀಕ್ ಶಾಸನದವರು ಮಸಿ ಹಾಕುವುದಿಲ್ಲ. ದೀಪವನ್ನು ಓರೆಯಾಗಿ ಹಿಡಿದು, ನೆರಳಿನಲ್ಲಿ ಓದುತ್ತಾರೆ. ದೀಪ ಸ್ವಲ್ಪ ಸರಿದರೂ ಅಕ್ಷರ ಬೇರೆಯಾಗಿ ಕಾಣುತ್ತದೆ. ಓದುವುದರಲ್ಲಿ ಎಷ್ಟು ತೀರ್ಮಾನ ಅಡಗಿದೆ ಅಂತ ಅಲ್ಲಿ ಗೊತ್ತಾಗುತ್ತದೆ.

ಅಥೆನ್ಸಿನ ಒಂದು ಶಾಸನವನ್ನೇ ನೋಡಿ. ಸಿಸಿಲಿಯ ಎಗೆಸ್ಟಾ ಪಟ್ಟಣದ ಜೊತೆ ಅಥೆನ್ಸ್ ಮಾಡಿಕೊಂಡ ಒಪ್ಪಂದ ಅದು. ವರ್ಷ ತಿಳಿಯಲು ಇದ್ದದ್ದು ಆ ವರ್ಷದ ಅಧಿಕಾರಿಯ ಹೆಸರು, ಅದರಲ್ಲೂ ಸ್ಪಷ್ಟವಾಗಿದ್ದದ್ದು ಕೊನೆಯ ಎರಡು ಅಕ್ಷರ. ಹಾಬ್ರೋನ್ ಆದರೆ ಕ್ರಿ.ಪೂ. 458-457ರ ವರ್ಷ. ಆಂಟಿಫೋನ್ ಆದರೆ 418-417. ನಲವತ್ತು ವರ್ಷದ ವ್ಯತ್ಯಾಸ! ಕಲ್ಲಿನಲ್ಲಿ ಸಿಗ್ಮಾ (ಗ್ರೀಕ್‌ನ ‘ಸ’) ಅಕ್ಷರಕ್ಕೆ ಮೂರೇ ಗೆರೆ ಇದ್ದವು. ಆ ಹಳೇ ರೂಪ ಕ್ರಿ.ಪೂ. 446ರ ಸುಮಾರಿಗೆ ಅಥೆನ್ಸಿನ ಸರ್ಕಾರಿ ಶಾಸನಗಳಿಂದ ಮಾಯವಾಯಿತು ಅಂತ ನಂಬಿಕೆ ಇತ್ತು. ಹಾಗಾಗಿ ಹಳೇ ವರ್ಷವೇ ಸರಿ ಅನ್ನುವವರು ಬಹಳ ಮಂದಿ. ಇತಿಹಾಸಕಾರ ಹೆರಾಲ್ಡ್ ಮ್ಯಾಟಿಂಗ್ಲಿ 1961ರಿಂದ ಈ ನಂಬಿಕೆಗೆ ಎದುರು ಬರೆಯುತ್ತಾ ಬಂದರು. 1990ರಲ್ಲಿ ಚೇಂಬರ್ಸ್ ಮತ್ತು ಜೊತೆಗಾರರು ಲೇಸರ್ ಬೆಳಕಿನಲ್ಲಿ ಕಲ್ಲು ಪರೀಕ್ಷಿಸಿ, ಇದು ಆಂಟಿಫೋನ್ ಅಂದರು. ಈಗ ಹೆಚ್ಚಿನವರು ಒಪ್ಪುವುದು ಅದನ್ನೇ. ಇದರಿಂದ, ಅಕ್ಷರದ ಆಕಾರ ನೋಡಿ ಕಾಲ ಕಟ್ಟಿದ್ದ ಇನ್ನೂ ಎಷ್ಟೋ ಶಾಸನಗಳ ಲೆಕ್ಕ ಅಲುಗಾಡಿತು. ಅಥೆನ್ಸ್ ತನ್ನ ಮಿತ್ರರ ಮೇಲೆ ಬಿಗಿ ಹಿಡಿತ ಸಾಧಿಸಿದ್ದು ಯಾವಾಗ ಅನ್ನುವ ದೊಡ್ಡ ಪ್ರಶ್ನೆ ಮತ್ತೆ ತೆರೆಯಿತು.

ಇಂಥ ಕಥೆಯನ್ನು ಸೆಮಿನಾರಿನಲ್ಲಿ ಕೇಳಬಹುದು. ಆದರೆ ಓರೆ ಬೆಳಕಿನಲ್ಲಿ ಒಂದು ಅಕ್ಷರಕ್ಕೆ ಕಣ್ಣು ನೋಯಿಸಿಕೊಂಡ ಮೇಲೆ ಕೇಳಿದರೆ ಆ ಜಗಳದ ತೂಕ ಗೊತ್ತಾಗುತ್ತದೆ.

ಕಂಪ್ಯೂಟರಿನ ಕಮ್ಮಟ ಅಂದರೆ ಎಪಿಡಾಕ್. ಶಾಸನಗಳನ್ನು ಎಕ್ಸ್‌ಎಂಎಲ್‌ನಲ್ಲಿ (ಕಂಪ್ಯೂಟರ್ ಓದುವಂತೆ ಪಠ್ಯಕ್ಕೆ ಗುರುತು ಹಾಕುವ ಭಾಷೆ) ದಾಖಲಿಸುವ ಪದ್ಧತಿ, 2000ದ ಸುಮಾರಿಗೆ ಅಮೆರಿಕದಲ್ಲಿ ಟಾಮ್ ಎಲಿಯಟ್ ಶುರು ಮಾಡಿದ್ದು. ಕೋಡಿಂಗ್ ಬರಬೇಕಿಲ್ಲ, ಆದರೆ ಲೈಡನ್ ಪದ್ಧತಿ ತಿಳಿದಿರಬೇಕು. ಶಾಸನ ಅಚ್ಚಿಸುವಾಗ ಬಳಸಲು ವಿದ್ವಾಂಸರು 1931ರಲ್ಲಿ ಒಪ್ಪಿಕೊಂಡ ಗುರುತುಗಳು ಅವು. ಚೌಕ ಆವರಣದೊಳಗೆ ಇದ್ದರೆ ಕಲ್ಲು ಮುರಿದಿದೆ, ಒಳಗಿನದ್ದು ಸಂಪಾದಕರು ತುಂಬಿದ್ದು. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಓದು ಖಚಿತವಲ್ಲ. ದುಂಡು ಆವರಣವಾದರೆ ಸಂಕ್ಷೇಪವನ್ನು ಬಿಡಿಸಿ ಬರೆದದ್ದು. ಎಪಿಡಾಕ್‌ನಲ್ಲಿ ಇದನ್ನೆಲ್ಲ ಬಿಡಿಬಿಡಿಯಾಗಿ ಹೇಳಬೇಕು. ಇದು ಏಕೆ ಹೋಯಿತು? ನೀವು ತುಂಬಿದ್ದು ಎಷ್ಟು ಖಚಿತ? ಒಂದೊಂದು ಅಕ್ಷರಕ್ಕೂ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ನಿಧಾನ, ಸುಸ್ತಾಗುತ್ತದೆ. ಆದರೆ ಆಮೇಲೆ ಸೆಮಿನಾರಿನ ಹ್ಯಾಂಡೌಟ್ ಹಿಡಿದರೆ ಕಣ್ಣು ಮೊದಲು ಹೋಗುವುದು ಆವರಣಗಳ ಕಡೆಗೆ. ವಾದದ ಮುಖ್ಯ ಪದವೇ ಆವರಣದೊಳಗೆ ಕೂತಿದ್ದರೆ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ನಮಗೆ ಇದು ಇನ್ನೊಂದು ಕಾರಣಕ್ಕೂ ಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ ಅಂತ ನಾವೆಲ್ಲ ಕೇಳಿ ಬೆಳೆದಿದ್ದೇವೆ, ಅಲ್ವಾ? ಗ್ರೆನ್‌ಫೆಲ್ ಮತ್ತು ಹಂಟ್ ಆ ಪಪೈರಸ್ (ಜೊಂಡಿನ ಹಾಳೆಯ ಬರಹ) ಪ್ರಕಟಿಸಿದ್ದು 1903ರಲ್ಲಿ. ಮರುವರ್ಷವೇ ಶಾಸನತಜ್ಞ ಹುಲ್ಟ್ಶ್ ಅದರಲ್ಲಿ ಕನ್ನಡ ಗುರುತಿಸಿದರು. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಮುಂದುವರಿಸಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆ ಕಾಲದ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಗೊತ್ತಿಲ್ಲದ ಭಾಷೆಯ ಸಾಲನ್ನು ಎಲ್ಲಿ ಮುರಿಯಬೇಕು ಅನ್ನುವುದು ಓದುವವರ ತೀರ್ಮಾನ. ಈ ಚರ್ಚೆಯನ್ನು ಅಭಿಮಾನದಿಂದಲ್ಲ, ಕಣ್ಣಿಟ್ಟು ಮಾಡುವ ಕನ್ನಡದವರು ಇನ್ನಷ್ಟು ಬೇಕು. ಅದಕ್ಕೆ ತಯಾರಿ ಕೊಡುವುದು ಕಮ್ಮಟ.

ಖರ್ಚಿನ ಮಾತು. ಎಪಿಡಾಕ್ ಕಮ್ಮಟಕ್ಕೆ ನಾನು ಹೋದಾಗ ಶುಲ್ಕ ಇರಲಿಲ್ಲ, ಆದರೆ ಲಂಡನ್ನಿನಲ್ಲಿ ಉಳಿದುಕೊಳ್ಳುವುದು ದುಬಾರಿ. ಅದಕ್ಕಾಗಿಯೇ ಊರಿಂದ ಹೋಗುವುದು ಬೇಡ. ಮನೆಯಲ್ಲೇ ಇರುವವರಿಗೆ ಸುನೊಯಿಕಿಸಿಸ್ ಡಿಜಿಟಲ್ ಕ್ಲಾಸಿಕ್ಸ್ ಪಾಠಗಳು ಯೂಟ್ಯೂಬ್‌ನಲ್ಲಿ ಉಚಿತವಾಗಿವೆ, ಎಪಿಡಾಕ್ ಬಗ್ಗೆಯೂ ಇದೆ. ನೇರಪ್ರಸಾರವನ್ನೇ ನೋಡೋಣ ಅಂದರೆ, ಲಂಡನ್ನಿನ ಸಂಜೆ ಐದು ಗಂಟೆ ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ, ಹಾಗಾಗಿ ರೆಕಾರ್ಡಿಂಗ್ ನೋಡುವುದೇ ವಾಸಿ. ಗ್ರೀಕ್ ಏನೂ ಬಾರದವರು ಮೊದಲು ಐರ್ಲೆಂಡಿನ ಕಾರ್ಕ್ ವಿಶ್ವವಿದ್ಯಾಲಯದ ಎಂಟು ವಾರಗಳ ಬೇಸಿಗೆ ಶಾಲೆಯಂಥದ್ದನ್ನು ನೋಡಿ. ಭಾಷೆ ಇಲ್ಲದೆ ಕಮ್ಮಟಕ್ಕೆ ಹೋದರೆ ಪ್ರಯೋಜನ ಕಡಿಮೆ.

ಕಮ್ಮಟದಲ್ಲಿ ಜಾಗ ಕಡಿಮೆ ಇರುತ್ತದೆ, ಅರ್ಜಿ ನೋಡಿ ಆರಿಸುತ್ತಾರೆ. ಅರ್ಜಿಯಲ್ಲಿ ಗ್ರೀಕ್ ಎಷ್ಟು ಓದಿದ್ದೀರಿ ಅಂತ ಬರೆಯಿರಿ. ಎಪಿಗ್ರಾಫಿಯಾ ಕರ್ನಾಟಿಕಾ (ನಮ್ಮ ಶಾಸನಗಳ ಸಂಪುಟಗಳು) ಇಟ್ಟುಕೊಂಡು ಕನ್ನಡ ಶಾಸನ ಓದಿದ್ದರೆ ಅದನ್ನೂ ಸೇರಿಸಿ. ಎಪಿಡಾಕ್ ಈಗ ಭಾರತದ ಶಾಸನಗಳಿಗೂ ಬಳಕೆಯಲ್ಲಿದೆ. ನಮ್ಮ ಒಂದು ಶಾಸನವನ್ನೇ ಅಭ್ಯಾಸಕ್ಕೆ ಒಯ್ಯಬಹುದಾ ಅಂತ ಮೊದಲೇ ಕೇಳಿಬಿಡಿ.