‘ಎಲ್ಲ ಪೂಲ್ ಆಗುತ್ತೆ ಸಾರ್’ ಅಂದ್ರೆ ನಂಬಬೇಡಿ: ಕಂಪನಿಗೆ ಲೀಸ್ ಕಾರು ತಗೊಳ್ಳೋರು ಓದಲೇಬೇಕು

3,95,200 ರೂಪಾಯಿ. ಮೇಲೆ ಜಿಎಸ್‌ಟಿ ಬೇರೆ. ಲೀಸ್ ಮುಗಿದು ನಾಲ್ಕು ಕಾರು ವಾಪಸ್ ಕೊಟ್ಟ ಮೇಲೆ ಬಂದ ‘ಎಕ್ಸೆಸ್ ಕಿಲೋಮೀಟರ್’ ಬಿಲ್ಲು ಇದು. ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೀನಿ. ಹಿಂದುಮುಂದಾದರೆ ಸಹಿಸ್ಕೊಳ್ಳಿ.

ನಮ್ಮದು ಹುಬ್ಬಳ್ಳಿಯಲ್ಲಿ ಆಸ್ಪತ್ರೆ ಯಂತ್ರಗಳನ್ನ ಮಾರಿ ರಿಪೇರಿ ಮಾಡಿಕೊಡೋ ಸಣ್ಣ ಸಂಸ್ಥೆ. ಸರ್ವೀಸ್ ಎಂಜಿನಿಯರುಗಳಿಗೆ ನಾಲ್ಕು ಕಾರು, 36 ತಿಂಗಳ ಲೀಸ್. ಒಂದೊಂದಕ್ಕೆ 60,000 ಕಿಲೋಮೀಟರ್ ಮಿತಿ, ದಾಟಿದರೆ ಕಿಲೋಮೀಟರಿಗೆ 8 ರೂಪಾಯಿ. ಇಷ್ಟು ಯಾವ ಲೀಸಲ್ಲೂ ಇರೋದೇ. ಆದರೆ ನಮ್ಮ ಗಾಡಿಗಳು ಒಂದೇ ಥರ ಓಡಲ್ಲ. ಕಲಬುರಗಿಗೆ ಹೋಗಿ ಬಂದರೆ 600 ಕಿಲೋಮೀಟರ್ ದಾಟುತ್ತೆ, ಬಳ್ಳಾರಿಗೆ 400. ಹುಬ್ಬಳ್ಳಿ-ಧಾರವಾಡದ ಒಳಗೇ ಸುತ್ತೋ ಗಾಡಿಗೆ ದಿನಕ್ಕೆ ಐವತ್ತು ಆದರೆ ಹೆಚ್ಚು. ಇದನ್ನೆಲ್ಲ ಸಹಿಗೆ ಮೊದಲೇ ಬಿಡಿಸಿ ಬಿಡಿಸಿ ಹೇಳಿದ್ದೆ.

ಲೀಸ್ ಕಂಪನಿಯ ಸೇಲ್ಸ್ ಹುಡುಗ ನಮ್ಮ ಆಫೀಸಿನ ಚಾ ಕುಡೀತಾ ಹೇಳಿದ ಮಾತು: “ಸಾರ್, ಅದೆಲ್ಲ ಪೂಲ್ ಆಗುತ್ತೆ. ನಾಲ್ಕೂ ಸೇರಿ 2,40,000. ಒಂದು ಜಾಸ್ತಿ ಓಡಿದ್ರೆ ಇನ್ನೊಂದು ಕಮ್ಮಿ ಓಡಿರುತ್ತೆ, ಅಡ್ಜಸ್ಟ್ ಆಗೋಗುತ್ತೆ.”

ಮೊದಲ ವರ್ಷ ಕಳೆದಾಗ ಮತ್ತೆ ಅನುಮಾನ ಬಂತು. ನಾನೇ ವಾಟ್ಸಾಪಲ್ಲಿ ಕೇಳಿದೆ: ಕಲಬುರಗಿ ಗಾಡಿ ಜೋರಾಗಿ ಓಡ್ತಿದೆ, ಊರೊಳಗಿನ ಗಾಡಿ ಜೊತೆ ಅದಲು ಬದಲು ಮಾಡಬೇಕಾ, ಇಲ್ಲಾ ಪೂಲಲ್ಲೇ ಹೋಗುತ್ತಾ? ಉತ್ತರಕ್ಕೆ ಆ ಹುಡುಗನಿಂದ ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಹಿಂದೇನೇ ಫೋನು. “ಅದಲು ಬದಲು ಯಾಕ್ ಸಾರ್ ತಲೆನೋವು? ಪೂಲಲ್ಲೇ ಹೋಗುತ್ತೆ.” ಎಂಜಿನಿಯರುಗಳಿಗೂ ಅವರವರ ಗಾಡಿ ಬಿಟ್ಟುಕೊಡೋಕೆ ಮನಸ್ಸಿರಲಿಲ್ಲ. ಹಾಗೇ ಓಡಿದವು.

ಈಗ ಲೆಕ್ಕ ನೋಡಿ. ಕಲಬುರಗಿ ಗಾಡಿ 91,400. ಬಳ್ಳಾರಿ ಗಾಡಿ 78,000. ಊರೊಳಗಿನ ಎರಡು 41,000 ಮತ್ತು 38,600. ಒಟ್ಟು 2,49,000. ಪೂಲ್ ಅಂದಿದ್ದು ನಿಜವಾಗಿದ್ದರೆ ಮೀರಿದ್ದು 9,000 ಕಿಲೋಮೀಟರ್, 72,000 ರೂಪಾಯಿ. ಅಷ್ಟು ಕಟ್ಟೋಕೆ ತಯಾರಾಗೇ ಇದ್ದೆ, ಚೆಕ್ಕನ್ನೂ ಬರೆದಿಟ್ಟಿದ್ದೆ. ಬಿಲ್ಲು ಬಂದಿದ್ದು 49,400 ಕಿಲೋಮೀಟರಿಗೆ! ಎರಡು ಗಾಡಿ ಮೀರಿದ್ದನ್ನ ಪೂರ್ತಿ ಎಣಿಸಿದ್ದಾರೆ, ಇನ್ನೆರಡರಲ್ಲಿ ಉಳಿದ 40,400 ಕಿಲೋಮೀಟರನ್ನ ಸೊನ್ನೆ ಮಾಡಿದ್ದಾರೆ. ಓಡಿಸದೇ ಇದ್ದ ಕಿಲೋಮೀಟರಿಗೂ ತಿಂಗಳು ತಿಂಗಳು ಬಾಡಿಗೆ ಕಟ್ಟಿದ್ದೀವಲ್ಲ, ಅದು ಯಾರ ಹೊಟ್ಟೆಗೆ ಹೋಯ್ತು?

ಫೋನ್ ಮಾಡಿದೆ. ಆ ಹುಡುಗ ಕೆಲಸ ಬಿಟ್ಟು ಹೋಗಿದ್ದಾನಂತೆ. ಈಗಿರೋ ಮೇಡಂ ದನಿ ಜೇನು, ಮಾತು ಕಲ್ಲು. “ಸರ್, ಅನುಬಂಧದಲ್ಲಿ ‘ಪ್ರತಿ ವಾಹನಕ್ಕೆ’ ಅಂತಲೇ ಇದೆಯಲ್ಲಾ.” ನಿಮ್ಮ ಹುಡುಗನೇ ಪೂಲ್ ಅಂದಿದ್ದ ಅಂದೆ. “ಬಾಯಿಮಾತಿಗೆ ನಾವು ಜವಾಬ್ದಾರರಲ್ಲ ಸರ್, ಅದೂ ಅಗ್ರಿಮೆಂಟಲ್ಲೇ ಇದೆ.” ವಾಟ್ಸಾಪ್ ಕಳಿಸಿದೆ. ಮಾರನೇ ದಿನ ಉತ್ತರ: ಹೆಬ್ಬೆಟ್ಟಿನ ಚಿತ್ರ ಅಂದರೆ ಸಂದೇಶ ತಲುಪಿದೆ ಅಂತಷ್ಟೇ, ಒಪ್ಪಿಗೆ ಅಂತಲ್ಲ. ಅಲ್ಲಾ ಸ್ವಾಮಿ, ನಮ್ಮ ಕಡೆ ಹೆಬ್ಬೆಟ್ಟು ಒತ್ತಿ ಹೊಲಮನೆ ಕಳಕೊಂಡವರಿದ್ದಾರೆ. ನಿಮ್ಮ ಹೆಬ್ಬೆಟ್ಟಿಗೆ ಮಾತ್ರ ಬೆಲೆ ಇಲ್ವಾ?

ಇದಕ್ಕಿಂತ ಮೈ ಉರಿಸಿದ್ದು ಇನ್ನೊಂದಿದೆ. ನಮ್ಮ ಲೀಸಲ್ಲಿ ಮೇಂಟೆನೆನ್ಸೂ ಸೇರಿತ್ತು. ಅಂದರೆ ಪ್ರತಿ ಸರ್ವೀಸಿಗೂ ಓಡೋಮೀಟರ್ ರೀಡಿಂಗ್ ಅವರಿಗೇ ಹೋಗ್ತಿತ್ತು. ಕಲಬುರಗಿ ಗಾಡಿ ಎರಡನೇ ವರ್ಷ ಮುಗಿಯೋ ಹೊತ್ತಿಗೇ 60,000 ಮುಟ್ಟಿದ್ದು ಅವರ ಕಂಪ್ಯೂಟರಿನಲ್ಲಿ ಕೂತಿತ್ತು. ಒಂದು ಮೇಲ್ ಇಲ್ಲ, ಒಂದು ಫೋನಿಲ್ಲ. ಯಾಕೆ ತಿಳಿಸಲಿಲ್ಲ ಅಂದಿದ್ದಕ್ಕೆ: “ಆ ರೀಡಿಂಗ್ ಸರ್ವೀಸ್ ಟೀಮಿಗೆ ಬರುತ್ತೆ ಸರ್. ಬಿಲ್ಲಿಂಗ್ ಟೀಮ್ ಬೇರೆ.” ಬಿಲ್ಲು ಹಾಕುವಾಗ ಮಾತ್ರ ಎರಡೂ ಟೀಮು ಒಂದಾಗಿಬಿಡ್ತವೆ!

ನಡುವಲ್ಲೇ ಮಿತಿ ಏರಿಸಿಕೊಂಡು ತಿಂಗಳ ಬಾಡಿಗೆ ಸ್ವಲ್ಪ ಹೆಚ್ಚು ಕಟ್ಟೋ ದಾರಿಯೂ ಇತ್ತಂತೆ. ಅದಕ್ಕೆ ಲೀಸ್ ಮುಗಿಯೋ ಆರು ತಿಂಗಳ ಮುಂಚೆ ಅರ್ಜಿ ಕೊಡಬೇಕಿತ್ತಂತೆ. ಈಗ ಹೇಳ್ತಾರೆ. ಗಾಡಿ ಅವರ ಯಾರ್ಡಿಗೆ ಹೋಗಿ ನಿಂತ ಮೇಲೆ ಹೇಳ್ತಾರೆ.

ಪಾಲುದಾರರು ನನ್ನ ಸೋದರಮಾವ. ಬಿಲ್ಲು ನೋಡಿ ಆಫೀಸಿನ ಹುಡುಗರ ಎದುರಿಗೇ, “ಏನ್ ಓದಿ ಸಹಿ ಹಾಕೀಯೋ ತಮ್ಮಾ? ಇವರನ್ನ ಬಸ್ಸಿಗೆ ಕಳಸಿದ್ರ ಸೋವಿ ಬೀಳ್ತಿತ್ತಲ್ಲೋ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ. ಜಿಎಸ್‌ಟಿಯಾದರೂ ಕ್ರೆಡಿಟ್ ಸಿಗುತ್ತಾ ಅಂತ ಆಡಿಟರನ್ನ ಕೇಳಿದರೆ ಅದೂ ಇಲ್ಲ. ಚಾಲಕನೂ ಸೇರಿ 13 ಸೀಟಿನೊಳಗಿನ ಕಾರಾದರೆ, ನಮ್ಮಂಥ ವ್ಯವಹಾರದವರಿಗೆ ಲೀಸ್ ಬಾಡಿಗೆ ಮೇಲಿನ ತೆರಿಗೆ ವಾಪಸ್ ಬರಲ್ಲ, ಜಿಎಸ್‌ಟಿ ಕಾಯ್ದೆಯ ಕಲಂ 17(5) ತಡೆಯುತ್ತೆ. ಕೈಯಿಂದಲೇ ಹೋಯ್ತು.

ಡೆಪಾಸಿಟ್ ಆಗಲೇ ಮುರಿದುಕೊಂಡಿದ್ದಾರೆ. ಜಗಳ ಆಡೋಣ ಅಂದರೆ ಮಧ್ಯಸ್ಥಿಕೆ ಮುಂಬೈಯಲ್ಲೇ ನಡೀಬೇಕು ಅಂತ ಬರೆದಿದೆ. ವಕೀಲರ ಫೀಸು, ಓಡಾಟ, ಲಾಡ್ಜು ಎಲ್ಲ ಕೂಡಿಸಿದರೆ ಬಿಲ್ಲನ್ನೇ ಮೀರುತ್ತೆ. ಅದು ಅವರಿಗೆ ಚೆನ್ನಾಗಿ ಗೊತ್ತು.

ಲೀಸ್ ತಗೊಳ್ಳೋರು ‘ಪೂಲ್’ ಅನ್ನೋ ಮಾತು ಬಾಯಲ್ಲಿ ಬಂದ ಕೂಡಲೇ ಅಲ್ಲೇ ತಡೆದು, ಅಗ್ರಿಮೆಂಟಲ್ಲೇ ಬರೆಸಿ, ಸೀಲ್ ಹಾಕಿಸಿ. ಬರೆಯಲ್ಲ ಅಂದರೆ ಎಬ್ಬಿಸಿ ಕಳಿಸಿ, ಚಾನೂ ಕೊಡಬೇಡಿ. ಈಗಾಗಲೇ ಲೀಸಲ್ಲಿರೋರು ಯಾರ ಮಾತೂ ಕೇಳದೆ ಪ್ರತಿ ತಿಂಗಳು ರೀಡಿಂಗ್ ಫೋಟೊ ತರಿಸಿ, ದೂರದ ಗಾಡಿ ಊರೊಳಗೆ, ಊರೊಳಗಿನದು ದೂರಕ್ಕೆ ಹಾಕ್ತಾ ಇರಿ. ಹುಡುಗರು ಗೊಣಗ್ತಾರೆ, ಗೊಣಗಲಿ. ನಮ್ಮ ನಾಲ್ಕನ್ನೂ ಹಾಗೆ ಸಮವಾಗಿ ಓಡಿಸಿದ್ದರೆ ಒಂದೊಂದು 62,250ಕ್ಕೆ ನಿಲ್ತಿತ್ತು, ಆ 72,000ದಲ್ಲೇ ಮುಗೀತಿತ್ತು.

ನಿನ್ನೆ ಅದೇ ಕಂಪನಿಯಿಂದ ಹೊಸ ಹುಡುಗನೊಬ್ಬ ಫೋನ್ ಮಾಡಿದ್ದ. ಹಳೇ ಗ್ರಾಹಕರಿಗೆ ಹೊಸ ಲೀಸಲ್ಲಿ ವಿಶೇಷ ರಿಯಾಯಿತಿ ಇದೆಯಂತೆ. ಕಿಲೋಮೀಟರ್ ಹೇಗಪ್ಪಾ ಅಂದೆ. “ಅದೆಲ್ಲ ಪೂಲ್ ಆಗುತ್ತೆ ಸಾರ್” ಅಂದ. ಮೇಲಲ್ಲಿ ಬರೆದು ಕಳಿಸು ಅಂದಿದ್ದೀನಿ. ಇನ್ನೂ ಬಂದಿಲ್ಲ.