ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಬರೀ ಡ್ರೈನ್, ಮೆಷಿನ್ ಫ್ಲಶ್, ಇಲ್ಲಾ ಪ್ಯಾನ್ ಬಿಚ್ಚೋದಾ?

ನನ್ನ ಮತ ಪ್ಯಾನ್ (ಗೇರ್‌ಬಾಕ್ಸ್ ಅಡಿಯ ಆಯಿಲ್ ತಟ್ಟೆ) ಬಿಚ್ಚಿ ಫಿಲ್ಟರ್ ಬದಲಿಸುವುದಕ್ಕೆ. ಮಾತು ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ದಾಟಿಸುವ ಭಾಗ) ಇರುವ ಮಾಮೂಲಿ ಗೇರ್‌ಬಾಕ್ಸ್‌ಗಳದ್ದು ಮಾತ್ರ. ಸಿವಿಟಿ (ಬೆಲ್ಟ್ ಬಗೆಯದು), ಡಿಸಿಟಿ (ಎರಡು ಕ್ಲಚ್ಚಿನದು) ಗೇರ್‌ಬಾಕ್ಸ್‌ಗಳ ಆಯಿಲ್ಲೇ ಬೇರೆ.

ಬರೀ ಡ್ರೈನ್ ಬೋಲ್ಟ್ ಬಿಚ್ಚಿದರೆ ಸಾಮಾನ್ಯವಾಗಿ ಅರ್ಧದಷ್ಟೂ ಇಳಿಯುವುದಿಲ್ಲ. ಉಳಿದದ್ದು ಕನ್ವರ್ಟರ್, ಕೂಲರ್ ಪೈಪುಗಳಲ್ಲೇ ಕೂತಿರುತ್ತದೆ. 8 ಲೀಟರ್‌ನಲ್ಲಿ 3.5 ಇಳಿದರೆ ಹಳೆಯದು ಶೇ. 56 ಉಳಿಯಿತು. ನಡುನಡುವೆ ಗಾಡಿ ಓಡಿಸಿ ಮೂರು ಸಲ ಮಾಡಿದರೆ ಶೇ. 18ಕ್ಕೆ ಬರುತ್ತದೆ, ಖರ್ಚಾಗುವ ಆಯಿಲ್ 10.5 ಲೀಟರ್. ಹ್ಯುಂಡೈನ ಹಲವು 6 ಸ್ಪೀಡ್ ಗೇರ್‌ಬಾಕ್ಸ್‌ಗಳಲ್ಲಿ ಫಿಲ್ಟರ್ ಕೇಸಿನೊಳಗೇ ಇದೆ, ಗೇರ್‌ಬಾಕ್ಸ್ ಕಳಚದೆ ಕೈಗೆಟುಕದು. ಅಂಥವಕ್ಕೆ ಪ್ಯಾನ್ ದಾರಿಯಿಲ್ಲ, ಡ್ರೈನೇ ಸರಿ.

ಮೆಷಿನ್ ಫ್ಲಶ್‌ನಲ್ಲಿ, ಅಂದರೆ ಯಂತ್ರದಿಂದ ಹೊಸ ಆಯಿಲ್ ನೂಕಿ ಹಳೆಯದನ್ನು ಹೊರಹಾಕುವಾಗ, ಹಳೆಯ ಆಯಿಲ್ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಪ್ಯಾನ್ ಬಿಚ್ಚಿಸದಿದ್ದರೆ ಫಿಲ್ಟರ್ ಮಾತ್ರ ಹಳೆಯದೇ.

ಪ್ಯಾನ್ ಬಿಚ್ಚಿದರೆ ಒಳಗಿನ ಸ್ಥಿತಿ ಕಣ್ಣಿಗೇ ಕಾಣುತ್ತದೆ. ಪ್ಯಾನಿನೊಳಗಿನ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದು ಕೆಸರಿದ್ದರೆ ಸಹಜ ಸವೆತ. ಲೋಹದ ಚೂರುಗಳಿದ್ದರೆ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಡ್ರೈನ್ ಮಾಡುವ ಮೊದಲೇ ಫಿಲ್ ಪ್ಲಗ್ (ಹೊಸ ಆಯಿಲ್ ತುಂಬುವ ತೂತಿನ ಬಿರಡೆ) ಸಡಿಲಾಗುತ್ತದೆಯೇ ನೋಡಿ. ಹಳೆಯ ಫಿಲ್ಟರಿನ ಓ-ರಿಂಗ್ (ರಬ್ಬರ್ ಬಳೆ) ಗೇರ್‌ಬಾಕ್ಸ್‌ಗೇ ಅಂಟಿಕೊಂಡು ಉಳಿಯಬಾರದು, ಅದರ ಮೇಲೆ ಹೊಸದು ಕೂತರೆ ಪಂಪ್ ಗಾಳಿ ಎಳೆಯುತ್ತದೆ. ಪ್ಯಾನ್ ಬೋಲ್ಟ್‌ಗಳನ್ನು ಅಡ್ಡಡ್ಡಲಾಗಿ, ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ. ಜಾಸ್ತಿಯಾದರೆ ಗ್ಯಾಸ್ಕೆಟ್ ಹಿಂಡಿಹೋಗಿ ಸೋರುತ್ತದೆ.

ತಲೆನೋವೆಲ್ಲ ಲೆವೆಲ್ ನೋಡುವುದರಲ್ಲಿದೆ. ಡಿಪ್‌ಸ್ಟಿಕ್ (ಮಟ್ಟ ನೋಡುವ ಕಡ್ಡಿ) ಇಲ್ಲದ ಗೇರ್‌ಬಾಕ್ಸ್‌ನಲ್ಲಿ ಓವರ್‌ಫ್ಲೋ ಪ್ಲಗ್ (ಹೆಚ್ಚಾದ ಆಯಿಲ್ ಹೊರಬರುವ ತೂತಿನ ಬಿರಡೆ) ತೆಗೆದು, ಆಯಿಲ್ ಸಣ್ಣಗೆ ತೊಟ್ಟಿಕ್ಕುವಾಗ ಮುಚ್ಚಬೇಕು. ಇಂಜಿನ್ ಓಡುತ್ತಲೇ ಇರಬೇಕು. ಆಫ್ ಇದ್ದಾಗ ಪಂಪ್ ಕನ್ವರ್ಟರಿಗೆ ಆಯಿಲ್ ಎಳೆದಿರುವುದಿಲ್ಲ, ಕಡಿಮೆಯಿದ್ದರೂ ಧಾರೆಯಾಗಿ ಸುರಿದು ಸಾಕಾಯಿತೆಂದು ನಂಬಿಸುತ್ತದೆ. ಮುಂಭಾಗ ಮಾತ್ರ ಜಾಕ್ ಮೇಲಿದ್ದರೂ ಲೆಕ್ಕ ತಪ್ಪು; ನಾಲ್ಕೂ ಸ್ಟ್ಯಾಂಡ್ ಮೇಲೆ ಗಾಡಿ ಸಮತಟ್ಟಾಗಿರಬೇಕು.

ಇನ್ನು ಲೆವೆಲ್ ನೋಡುವಾಗ ಆಯಿಲ್‌ನ ತಾಪಮಾನ. ಎಷ್ಟೋ ಗಾಡಿಗಳಿಗೆ ಹೇಳುವುದು 40 ಡಿಗ್ರಿ ಆಸುಪಾಸು. ಬಿಸಿ ಹೆಚ್ಚಿದ್ದರೆ ಆಯಿಲ್ ಹಿಗ್ಗಿ ಬೇಕಾದದ್ದೂ ಹೊರಗೆ ಹೋಗುತ್ತದೆ, ಗೇರ್ ಹಿಡಿಯುವುದು ತಡವಾಗುತ್ತದೆ. ತಣ್ಣಗಿದ್ದಾಗ ಮುಚ್ಚಿದರೆ ಆಮೇಲೆ ಉಕ್ಕಿ ನೊರೆಯಾಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆ ಮಧ್ಯಾಹ್ನ ಗಾಳಿಯೇ 40 ದಾಟಿರುತ್ತದೆ, ಬೆಳಗಿನ ಜಾವವೇ ಮಾಡಿ. ಅಗ್ಗದ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಪುಟ್ಟ ಸಾಧನ) ಎಲ್ಲ ಗಾಡಿಗಳಲ್ಲೂ ಗೇರ್‌ಬಾಕ್ಸ್ ತಾಪ ತೋರಿಸುವುದಿಲ್ಲ. ಆಗ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ಯಾನಿಗೆ ಹಿಡಿಯಬೇಕು. ಅದು ಅಂದಾಜು ಮಾತ್ರ.

ವರ್ಷಕ್ಕೆ 12,000 ಕಿ.ಮೀ. ಓಡಿಸುವ, ಭಾನುವಾರದ ಬೆಳಗು ಬಿಡುವಿರುವ ನನಗೆ 50,000ಕ್ಕೊಮ್ಮೆ ಪ್ಯಾನ್, ನಡುವೆ ಒಂದು ಡ್ರೈನ್ ಸರಿಹೊಂದುತ್ತದೆ. ಆಯಿಲ್ ಮಾತ್ರ ಕಂಪನಿ ಹೇಳಿದ ದರ್ಜೆಯದೇ: ಡಬ್ಲ್ಯೂಎಸ್ ದರ್ಜೆಯ ಆಯಿಲ್ ಕೇಳುವ ಟೊಯೋಟಾಗೆ ಹಳೆಯ ಡೆಕ್ಸ್‌ರಾನ್ 3 ದರ್ಜೆಯದನ್ನು ಹಾಕಬೇಡಿ. ಇಳಿದ ಆಯಿಲ್ ಎಷ್ಟೆಂದು ಗೆರೆ ಹಾಕಿದ ಡಬ್ಬದಲ್ಲಿ ಅಳೆದಿಟ್ಟುಕೊಂಡು, ಮೊದಲು ಅಷ್ಟನ್ನೇ ತುಂಬಿ ಇಂಜಿನ್ ಸ್ಟಾರ್ಟ್ ಮಾಡಿ.